ಕಥೆ ಮುಗಿದ ಮೇಲೆ ಮಗು ಕೇಳುವುದು

ಮಕ್ಕಳ ಪುಸ್ತಕ ಕೊಳ್ಳುವಾಗ ನಾವು ದೊಡ್ಡವರು ಬೆಲೆ ನೋಡುತ್ತೇವೆ, ಚಿತ್ರ ನೋಡುತ್ತೇವೆ, ಯಾವ ಪ್ರಶಸ್ತಿ ಬಂದಿದೆ ಎಂದು ಹಿಂಬದಿಯ ರಕ್ಷಾಪುಟ ಓದುತ್ತೇವೆ. ಪುಸ್ತಕ ಯಾರಿಗಾಗಿ ಬರೆದದ್ದೋ ಅವರನ್ನು ಕೇಳುವುದು ಕಡಿಮೆ. ಕೇಳಿದರೂ ಮಗು ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಆಟಕ್ಕೆ ಓಡುತ್ತದೆ. ಅದರ ನಿಜವಾದ ಅಭಿಪ್ರಾಯ ಬೇರೆ ರೀತಿಯಲ್ಲಿ ಹೊರಬರುತ್ತದೆ. ಒಂದೇ ಕಥೆಯನ್ನು ಮೂರು ರಾತ್ರಿ ಓದಿಸಿಕೊಳ್ಳುತ್ತದೆ. ಓದುವವರ ಮಾತಿಗೆ ಅಡ್ಡ ಬಾಯಿ ಹಾಕುತ್ತದೆ. ನಾಲ್ಕು ದಿನ ಬಿಟ್ಟು, ಊಟದ ನಡುವೆ, ಸಂಬಂಧವೇ ಇಲ್ಲವೆನ್ನಿಸುವ ಪ್ರಶ್ನೆಯೊಂದನ್ನು ಎತ್ತುತ್ತದೆ. ಇಂಥ ಓದುಗರನ್ನು ಗಂಭೀರವಾಗಿ ತೆಗೆದುಕೊಂಡು ಬರೆದವರು ಡಾ. ಅನುಪಮಾ ನಿರಂಜನ.

1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರು ಓದಿದ್ದು ವೈದ್ಯಕೀಯ. ಧಾರವಾಡದಲ್ಲೂ ಬೆಂಗಳೂರಿನಲ್ಲೂ ವೈದ್ಯೆಯಾಗಿ ಕೆಲಸ ಮಾಡಿದರು. ಕಾದಂಬರಿಗಾರ್ತಿಯಾಗಿ ಹೆಚ್ಚು ಹೆಸರು. ‘ಋಣಮುಕ್ತಳು’ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆದದ್ದು ಹಲವರಿಗೆ ನೆನಪಿರಬಹುದು. ಆದರೆ ಮಧ್ಯಮ ವರ್ಗದ ಮನೆಗಳ ಬೀರುವಿನಲ್ಲಿ ಹೆಚ್ಚು ಕಾಲ ನಿಂತದ್ದು ಅವರ ತಿಳಿವಳಿಕೆಯ ಪುಸ್ತಕಗಳು. ‘ತಾಯಿ–ಮಗು’ ಬಸುರಿ, ಬಾಣಂತಿಯರ ಕೈಪಿಡಿಯಾಯಿತು. ‘ವಧುವಿಗೆ ಕಿವಿಮಾತು’ ಮದುವೆ ಮನೆಯ ಉಡುಗೊರೆಯಾಯಿತು. ಮಕ್ಕಳಿಗೆ ಸಿಕ್ಕಿದ್ದು ‘ದಿನಕ್ಕೊಂದು ಕಥೆ’: ವರ್ಷದ ಪ್ರತಿ ದಿನಕ್ಕೂ ಒಂದು ಕಥೆ, ತಿಂಗಳಿಗೊಂದರಂತೆ 12 ಸಂಪುಟ. ಇದಕ್ಕೆ 1978ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು.

ಈ ಏರ್ಪಾಟಿನ ಹಿಂದೆ ಮಕ್ಕಳನ್ನು ಹತ್ತಿರದಿಂದ ಬಲ್ಲ ಮನಸ್ಸಿದೆ. ಕಥೆ ಒಂದು ಕೂರುವಿಕೆಗೆ ಮುಗಿಯಬೇಕು, ನಾಳೆಗೆ ಇನ್ನೊಂದು ಕಾದಿರಬೇಕು. 12 ಸಂಪುಟಗಳನ್ನು ಮಗುವಿನ ಮುಂದೆ ಹರಡಿ ನೋಡಿ, ಅದು ಜನವರಿಯಿಂದ ಶುರು ಮಾಡುವುದಿಲ್ಲ. ತನ್ನ ಹುಟ್ಟುಹಬ್ಬದ ತಿಂಗಳಿಗೆ ಕೈ ಹಾಕುತ್ತದೆ. ಆಮೇಲೆ ಅಣ್ಣನ ತಿಂಗಳು, ಅಮ್ಮನ ತಿಂಗಳು. ಎಲ್ಲಿಂದ ಓದಬೇಕೆಂಬ ತೀರ್ಮಾನ ಮಗುವಿನ ಕೈಗೆ ಬಂದಾಗ ಪುಸ್ತಕದ ಮೇಲೆ ಅದಕ್ಕೆ ಒಂದು ಹಕ್ಕು ಹುಟ್ಟುತ್ತದೆ. ಶಾಲೆಯ ಪಠ್ಯಪುಸ್ತಕ ಈ ಹಕ್ಕನ್ನು ಕೊಡಲಾರದು.

ಬೆಂಗಳೂರಿನ ನಮ್ಮ ಗೋವಿಂದರಾಜನಗರದ ಮನೆಗಳಲ್ಲಿ ಈಗ ಬೇರೆ ಸ್ಥಿತಿ. ಮೂಡಲಪಾಳ್ಯದಲ್ಲೋ ಮಾರೇನಹಳ್ಳಿಯಲ್ಲೋ ಇಂಗ್ಲಿಷ್ ಮೀಡಿಯಂಗೆ ಹೋಗುವ ಮೂರನೇ ಕ್ಲಾಸಿನ ಮಗು ಕನ್ನಡವನ್ನು ಅರಳು ಹುರಿದಂತೆ ಮಾತಾಡುತ್ತದೆ, ಓದುವಾಗ ಒತ್ತಕ್ಷರಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಪುಸ್ತಕ ಹಿಡಿಯುವುದು ಅಜ್ಜಿ. ಇಂಥ ಒಂದು ಮನೆಯಲ್ಲಿ ಪಂಚತಂತ್ರದ ಸಿಂಹ–ಮೊಲದ ಕಥೆ ಓದುವುದನ್ನು ಕೇಳಿದ್ದೇನೆ. ಸಿಂಹ ಬಾವಿಗೆ ಇಣುಕಿತು ಎಂಬಲ್ಲಿಗೆ ಬಂದಾಗ ಮೊಮ್ಮಗಳು ತಡೆದಳು.

“ಅಜ್ಜಿ, ಬಾವಿ ಅಂದ್ರೆ ಸಂಪಾ?”

“ಅಲ್ಲ ಕಣೇ, ಬಾವೀಲಿ ನೀರು ತಾನೇ ಬರುತ್ತೆ. ಸಂಪಿಗೆ ನಾವು ಬಿಡ್ತೀವಿ.”

“ತಾನೇ ಎಲ್ಲಿಂದ ಬರುತ್ತೆ?”

ಕಥೆ ಅಲ್ಲಿಗೆ ನಿಂತಿತು. ಮಳೆ ನೀರು ಮಣ್ಣಿನೊಳಗೆ ಇಳಿಯುವುದು, ಬಂಡೆಯ ಬಿರುಕಿನಲ್ಲಿ ಸೇರಿಕೊಳ್ಳುವುದು, ಬಾವಿ ತೋಡಿದರೆ ಒಸರುವುದು, ಬೋರ್‌ವೆಲ್ ಇನ್ನೂ ಕೆಳಗಿನ ನೀರಿಗೆ ಕೈ ಹಾಕುವುದು ಎಲ್ಲವೂ ಬಂತು. ಅಜ್ಜಿ ತಮ್ಮ ಊರಿನ ರಾಟೆ, ಹಗ್ಗ, ಕೊಡದ ಸಂಗತಿ ಹೇಳಿದರು. ಮೊಲ ಹೇಗೆ ಗೆದ್ದಿತೆಂಬುದು ಮಾರನೆಯ ರಾತ್ರಿಗೆ ಹೋಯಿತು. ಆ ಕಥೆ ಬರೆದವರಿಗೆ ಅಂತರ್ಜಲ ಕಲಿಸುವ ಉದ್ದೇಶ ಇರಲಿಲ್ಲ. ಆದರೂ ಕಲಿಕೆ ನಡೆಯಿತು, ಏಕೆಂದರೆ ಅಡ್ಡ ಕೇಳಿದ ಮಗುವಿಗೆ ಯಾರೂ ‘ಸುಮ್ಮನೆ ಕೇಳು’ ಎನ್ನಲಿಲ್ಲ. ಕಥೆ ಮುಗಿದ ತಕ್ಷಣ ‘ಇದರ ನೀತಿ ಏನು?’ ಎಂದು ಕೇಳುವ ಅಭ್ಯಾಸವನ್ನು ದಯವಿಟ್ಟು ಬಿಡಿ ಎಂದು ತಾಯ್ತಂದೆಯರಲ್ಲಿ ನನ್ನ ವಿನಂತಿ. ಆ ಪ್ರಶ್ನೆ ಕಿವಿಗೆ ಬಿದ್ದೊಡನೆ ಮಗು ತನ್ನ ಪ್ರಶ್ನೆಯನ್ನು ನುಂಗಿಕೊಂಡು ನಮಗೆ ಬೇಕಾದ ಉತ್ತರ ಹುಡುಕಲು ತೊಡಗುತ್ತದೆ.

ಎಲ್ಲ ಓದುಗರೂ ಬಾಯಿಬಿಟ್ಟು ಕೇಳುವುದಿಲ್ಲ. ಅನುಪಮಾ ಅವರ ‘ಕೇಳು ಕಿಶೋರಿ’ ಹದಿಹರೆಯಕ್ಕೆ ಕಾಲಿಡುವ ಹುಡುಗಿಯರಿಗೆ ಬರೆದದ್ದು. ಮುಟ್ಟು ಏಕೆ ಆಗುತ್ತದೆ, ದೇಹ ಏಕೆ ಬದಲಾಗುತ್ತದೆ ಎಂಬುದನ್ನು ವೈದ್ಯೆಯ ಖಚಿತತೆಯಿಂದ, ಮನೆಯ ಹಿರಿಯಕ್ಕನ ಸಲಿಗೆಯಿಂದ ಹೇಳುವ ಪುಸ್ತಕ. ಮುಟ್ಟಾದವಳನ್ನು ಮೂಲೆಯಲ್ಲಿ ಕೂರಿಸುತ್ತಿದ್ದ, ತಾಯಿಯೂ ಮಗಳೂ ಆ ಮಾತು ಎತ್ತಲು ನಾಚುತ್ತಿದ್ದ ಮನೆಗಳಿಗೆ ಅದು ಹೋಯಿತು. ಇಂಥ ಪುಸ್ತಕಕ್ಕೆ ಓದುಗಳ ಪ್ರತಿಕ್ರಿಯೆ ಮೌನ. ತಾಯಿ ಅದನ್ನು ಏನೂ ಹೇಳದೆ ಮಗಳ ಮೇಜಿನ ಮೇಲಿಡುತ್ತಾಳೆ, ಮಗಳು ನೋಟ್‌ಬುಕ್ಕಿನೊಳಗೆ ಮುಚ್ಚಿಟ್ಟು ಓದುತ್ತಾಳೆ, ಆಮೇಲೆ ಗೆಳತಿಗೆ ದಾಟಿಸುತ್ತಾಳೆ. ಕೈಯಿಂದ ಕೈಗೆ ಹೋಗಿ ಹೊಲಿಗೆ ಬಿಟ್ಟ ಪ್ರತಿಗಿಂತ ದೊಡ್ಡ ವಿಮರ್ಶೆ ಇನ್ನೊಂದಿಲ್ಲ. ಕನ್ನಡದಲ್ಲಿ ಮಕ್ಕಳಿಗಾಗಿ ಬಂದ ಅತ್ಯಂತ ಧೈರ್ಯದ ಪುಸ್ತಕಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ಸಾಹಿತ್ಯದ ಚರ್ಚೆಗಳಲ್ಲಿ ಇದರ ಹೆಸರು ಅಪರೂಪಕ್ಕೆ ಬರುವುದು ನನಗೆ ನೋವಿನ ಸಂಗತಿ.

ಅನುಪಮಾ ಅವರ ಮನೆಯಲ್ಲಿ ಮಕ್ಕಳಿಗಾಗಿ ಇನ್ನೊಂದು ದೊಡ್ಡ ಕೆಲಸವೂ ನಡೆಯುತ್ತಿತ್ತು. ಪತಿ ನಿರಂಜನರು ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ಯ 7 ಸಂಪುಟಗಳ ಸಂಪಾದಕರು. ಇವರಿಗೂ ಮೊದಲು, 1936ರಲ್ಲೇ, ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದಿದ್ದರು. ಆಗ ಎವರೆಸ್ಟ್ ಹತ್ತಿದವರಿರಲಿಲ್ಲ, ಮನುಷ್ಯ ಚಂದ್ರನ ಮೇಲೆ ಕಾಲಿಡಲು 33 ವರ್ಷ ಬಾಕಿ ಇತ್ತು. ಅರಿವಿನ ಪುಸ್ತಕಗಳು ಹೀಗೆ ಹಳತಾಗುತ್ತವೆ. 2006ಕ್ಕೂ ಹಿಂದಿನ ಖಗೋಳದ ಪುಸ್ತಕ ತೆರೆದರೆ ಪ್ಲೂಟೊ ಇನ್ನೂ ಗ್ರಹಗಳ ಸಾಲಿನಲ್ಲೇ ಇರುತ್ತದೆ. ಇದನ್ನು ದೋಷವೆಂದು ಆ ಪುಸ್ತಕಗಳನ್ನು ರದ್ದಿಗೆ ಹಾಕುವುದು ಬೇಡ. ‘ಈ ಪುಸ್ತಕದಲ್ಲಿ ತಪ್ಪಿದೆ!’ ಎಂದು ಕುಣಿಯುತ್ತ ಬರುವ ಮಗು ಅದನ್ನು ಎಷ್ಟು ಗಮನವಿಟ್ಟು ಓದಿದೆ ಯೋಚಿಸಿ. ಹಳೆಯದರ ಪಕ್ಕದಲ್ಲಿ ಹೊಸದೊಂದನ್ನು ಇಟ್ಟರೆ ಸಾಕು, ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು ಎಂಬ ಹುಡುಕಾಟ ತಾನಾಗಿ ಶುರುವಾಗುತ್ತದೆ.

ಹೊಸದೂ ಹಳೆಯದೂ ಒಟ್ಟಿಗೆ ಸಿಗುವ ಜಾಗ ಸಾರ್ವಜನಿಕ ಗ್ರಂಥಾಲಯ. ನಮಗೆ ಹತ್ತಿರದ್ದು ಹಂಪಿನಗರದ ಕೇಂದ್ರ ಗ್ರಂಥಾಲಯ. ನಮ್ಮ ಆಸ್ತಿ ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಕರದಿಂದ, 1965ರ ಕಾಯಿದೆಯಡಿ ನಡೆಯುವ ವ್ಯವಸ್ಥೆ ಇದು. ಅಲ್ಲಿಗೆ ಹೋದವರಿಗೆ ಗೊತ್ತು, ಮೇಜುಗಳ ತುಂಬ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಅವರ ಶ್ರಮ ದೊಡ್ಡದು, ಅವರಿಗೆ ಆ ಜಾಗ ಬೇಕೇ ಬೇಕು. ಆದರೆ ಓದುವುದೆಂದರೆ ಪರೀಕ್ಷೆಗೆ ಮಾತ್ರ ಎಂದು ಪುಟ್ಟ ಮಕ್ಕಳಿಗೆ ಅನ್ನಿಸಬಾರದು. ಭಾನುವಾರ ಬೆಳಗ್ಗೆ ಒಂದು ಗಂಟೆ ಮಕ್ಕಳಿಗೆಂದೇ ಇಟ್ಟು, ಯಾರಾದರೂ ಅಜ್ಜಿಯೋ ನಿವೃತ್ತ ಮೇಷ್ಟ್ರೋ ಕೂತು ಗಟ್ಟಿಯಾಗಿ ಓದಿದರೆ ಖರ್ಚೇನೂ ಇಲ್ಲ. ಓದಿನ ಜೊತೆ ಒಂದು ನೋಟ್‌ಬುಕ್ ಇರಲಿ. ಮಕ್ಕಳು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಅದರಲ್ಲಿ ಬರೆದಿಡಬೇಕು, ತಿದ್ದಬಾರದು. ಮಕ್ಕಳಿಗಾಗಿ ಮುಂದೆ ಬರೆಯುವವರು ಮೊದಲು ಓದಬೇಕಾದದ್ದು ಆ ನೋಟ್‌ಬುಕ್ಕನ್ನು.