ಹಿಂದೆ ಸ್ಪ್ರಿಂಗಿಲ್ಲದ ಸೈಕಲ್ಲು

"ಮಾವ, ಸ್ಟೀಲ್ ತಗೊಳ್ಳೋದಾ, ಅಲಾಯ್ ತಗೊಳ್ಳೋದಾ?"

ಅಕ್ಕನ ಮಗನ ಫೋನು. ವಾರದಲ್ಲಿ ಐದು ದಿನ ಬನಶಂಕರಿಯಿಂದ ಆಫೀಸಿಗೆ ಹೋಗಿಬರಬೇಕು, ಭಾನುವಾರ ಕನಕಪುರ ರಸ್ತೆಯಾಚೆಯ ಬಂಡೆಗಲ್ಲಿನ ಕಾಲುದಾರಿಗಳಲ್ಲಿ ಹತ್ತಿ ಇಳಿಯಬೇಕು. ಎರಡಕ್ಕೂ ಒಂದೇ ಸೈಕಲ್ಲು. ಹಾರ್ಡ್‌ಟೇಲ್ ಎಂಬುದು ಆಗಲೇ ತೀರ್ಮಾನವಾಗಿತ್ತು. ಅಂದರೆ ಮುಂದಿನ ಫೋರ್ಕಿಗೆ ಸಸ್ಪೆನ್ಷನ್ ಇರುತ್ತದೆ, ಹಿಂದಿನ ಚಕ್ರ ನೇರವಾಗಿ ಫ್ರೇಮಿಗೇ ಕಚ್ಚಿಕೊಂಡಿರುತ್ತದೆ. ತೀರ್ಮಾನವೇನೋ ಸರಿಯೇ. ಅಂಗಡಿ ಬಾಗಿಲಲ್ಲಿ ಕಣ್ಣು ಕುಕ್ಕುವ ಅಗ್ಗದ 'ಡಬಲ್ ಶಾಕರ್' ಸೈಕಲ್ಲಿನಲ್ಲಿ ನಾವು ತುಳಿದ ಶಕ್ತಿಯ ಒಂದು ಪಾಲು ಸೀಟಿನ ಕೆಳಗಿನ ಸ್ಪ್ರಿಂಗನ್ನು ಕುಣಿಸುವುದಕ್ಕೇ ಹೋಗುತ್ತದೆ. ಎರಡು ಮಳೆಗಾಲ ಕಂಡರೆ ಅದರ ಕೀಲುಗಳು ಹಳೇ ಗೇಟಿನಂತೆ ಕಿರುಗುಟ್ಟುತ್ತವೆ.

ಆದರೆ ಅವನು ಮೊದಲು ಕೇಳಿದ ಪ್ರಶ್ನೆ ನಾಲ್ಕನೆಯದೋ ಐದನೆಯದೋ ಆಗಬೇಕಿತ್ತು. 'ಸ್ಟೀಲ್ ಮೆತ್ತಗೆ, ಅಲಾಯ್ (ಎಂದರೆ ಅಲ್ಯೂಮಿನಿಯಂ) ಒರಟು' ಎಂಬ ಮಾತು ಸೈಕಲ್ ಮಂದಿಯ ನಡುವೆ ಗಾದೆಯಂತೆ ಓಡಾಡುತ್ತಿದೆ. ಅದನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ಸೈಕಲ್ಲಿನ ಫ್ರೇಮೆಂದರೆ ಹೆಚ್ಚುಕಮ್ಮಿ ಎರಡು ತ್ರಿಕೋನಗಳ ಜೋಡಿ. ನಾಲ್ಕು ಪಟ್ಟಿಗಳ ಚೌಕವನ್ನು ಮೂಲೆ ಹಿಡಿದು ಒತ್ತಿದರೆ ವಾಲಿಬಿಡುತ್ತದೆ. ಮೂರು ಪಟ್ಟಿಗಳ ತ್ರಿಕೋನ ವಾಲಬೇಕಾದರೆ ಯಾವುದಾದರೊಂದು ಪಟ್ಟಿಯೇ ಉದ್ದವಾಗಬೇಕು, ಇಲ್ಲವೇ ಗಿಡ್ಡವಾಗಬೇಕು. ಹೆಂಚಿನ ಮನೆಯ ಮಾಡನ್ನು ನಿಲ್ಲಿಸುವುದೂ ಇದೇ ಉಪಾಯ. ಹಾಗಾಗಿ ಹಿಂದಿನ ಚಕ್ರ ಕಲ್ಲಿಗೆ ಬಡಿದಾಗ ಫ್ರೇಮಿನ ಹಿಂದಿನ ತ್ರಿಕೋನ, ಅದು ಯಾವ ಲೋಹದ್ದೇ ಇರಲಿ, ಮೇಲೆ ಕೆಳಗೆ ಒಂದು ಮಿಲಿಮೀಟರಿನಷ್ಟೂ ಬಗ್ಗುವುದು ಕಷ್ಟ. ಅದರಡಿಯ ದಪ್ಪ ಟೈರು ಮಾತ್ರ ಸೆಂಟಿಮೀಟರ್ ಲೆಕ್ಕದಲ್ಲಿ ಅದುಮಿಕೊಳ್ಳುತ್ತದೆ. ಸೀಟಿನ ಕಂಬವೂ ಒಂದಿಷ್ಟು ಬಾಗುತ್ತದೆ. ಬೆನ್ನಿಗೆ ತಟ್ಟುವ ವ್ಯತ್ಯಾಸ ಬರುವುದು ಹೆಚ್ಚಾಗಿ ಇವೆರಡರಿಂದ. ಟೈರಿನ ಗಾಳಿಯನ್ನು ಹತ್ತು ಪಿಎಸ್‌ಐ ಇಳಿಸಿದರೆ ಸಿಗುವ ಹಿತವನ್ನು ಯಾವ ಲೋಹವೂ ಕೊಡಲಾರದು.

ಹಾಗಾದರೆ ಲೋಹಗಳ ನಡುವೆ ಭೇದವೇ ಇಲ್ಲವೇ? ಇದೆ, ಆದರೆ ಬೇರೆ ಕಡೆ. ಉಕ್ಕಿನ ಬಿಗುವು ಸುಮಾರು 200 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಮ್ಮಿನದು 70ರ ಆಸುಪಾಸು. ಸಾಂದ್ರತೆ ನೋಡಿದರೆ ಉಕ್ಕು ನೀರಿನ 7.85 ಪಟ್ಟು, ಅಲ್ಯೂಮಿನಿಯಂ 2.7 ಪಟ್ಟು. ಭಾಗಿಸಿ ನೋಡಿ, ತೂಕಕ್ಕೆ ತಕ್ಕ ಬಿಗುವು ಎರಡಕ್ಕೂ ಹೆಚ್ಚುಕಮ್ಮಿ ಒಂದೇ! ಟೈಟಾನಿಯಂ ಕೂಡ ಇದೇ ಸಾಲಿಗೆ ಬಂದು ನಿಲ್ಲುತ್ತದೆ. ಹಾಗಿದ್ದೂ ಅಲ್ಯೂಮಿನಿಯಂ ಫ್ರೇಮು ಹಗುರವಾಗಿ, ಬಿಗಿಯಾಗಿ ಇರುವುದು ಆಕಾರದ ಬಲದಿಂದ. ಗೋಡೆಯ ದಪ್ಪ ಅಷ್ಟೇ ಇದ್ದರೆ ತೆಳು ಕೊಳವೆಯ ಬಿಗುವು ಅದರ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಅಷ್ಟೇ ಲೋಹವನ್ನು ಎರಡು ಪಟ್ಟು ವ್ಯಾಸದ, ಅರ್ಧ ದಪ್ಪದ ಕೊಳವೆಯಾಗಿ ಎಳೆದರೆ ಬಿಗುವು ನಾಲ್ಕು ಪಟ್ಟಾಗುತ್ತದೆ. ಉಕ್ಕನ್ನು ಹೀಗೆ ಎಳೆಯುತ್ತಾ ಹೋದರೆ ಗೋಡೆ ಕಾಗದದಂತಾಗಿ ಚಿಕ್ಕ ಏಟಿಗೂ ನೆಗ್ಗುತ್ತದೆ. ಅಲ್ಯೂಮಿನಿಯಮ್ಮಿಗೆ ಆ ಭಯ ಕಡಿಮೆ, ಏಕೆಂದರೆ ಅದೇ ತೂಕಕ್ಕೆ ಅದು ಮೂರು ಪಟ್ಟು ದಪ್ಪ. 1970ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಗ್ಯಾರಿ ಕ್ಲೈನ್ ಈ ದಾರಿ ಹಿಡಿದ. 1983ರಲ್ಲಿ ಕ್ಯಾನನ್‌ಡೇಲ್ ಕಂಪನಿ ಅಂಥ ದಪ್ಪ ಕೊಳವೆಯ ಸೈಕಲ್ಲುಗಳನ್ನು ಮಾರುಕಟ್ಟೆಗೆ ತಂದಿತು. ಇಂದು ಅಂಗಡಿಯಲ್ಲಿ ಬಾಳೆದಿಂಡಿನಂಥ ಕೊಳವೆ ಕಂಡರೆ ಅದು ಅಲಾಯ್, ಬೆತ್ತದಂಥದ್ದು ಕಂಡರೆ ಸ್ಟೀಲ್.

ಇನ್ನು ದಣಿವಿನ ವಿಚಾರ. ಲೋಹಕ್ಕೂ ದಣಿವುಂಟು ಎಂದು ತೋರಿಸಿಕೊಟ್ಟವರಲ್ಲಿ ಜರ್ಮನಿಯ ಆಗಸ್ಟ್ ವೋಲರ್ ಪ್ರಮುಖ. 19ನೇ ಶತಮಾನದಲ್ಲಿ ರೈಲುಗಾಲಿಗಳ ಅಚ್ಚುಗಳು ಏಕೆ ಮುರಿಯುತ್ತವೆಂದು ಹುಡುಕುತ್ತಾ ಹೋದವನು. ಒಂದು ಮಿತಿಗಿಂತ ಕೆಳಗಿನ ಹೊಡೆತಗಳನ್ನು ಉಕ್ಕು ಲಕ್ಷಾಂತರ ಸಲ ತಿಂದರೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯೇ ಇಲ್ಲ, ಪ್ರತಿ ಪುಟ್ಟ ಹೊಡೆತವೂ ಲೆಕ್ಕಕ್ಕೆ ಜಮೆಯಾಗುತ್ತದೆ. ವಿನ್ಯಾಸಕಾರರು ಇದನ್ನರಿತೇ ಕೊಳವೆಗಳನ್ನು ದಪ್ಪ ಮಾಡುವುದರಿಂದ ಒಳ್ಳೆಯ ಅಲಾಯ್ ಫ್ರೇಮು ಬಹುಕಾಲ ಬಾಳುತ್ತದೆ. 'ಸ್ಟೀಲ್ ಮುರಿದರೆ ಯಾವ ಹಳ್ಳಿಯಲ್ಲಾದರೂ ವೆಲ್ಡಿಂಗ್ ಮಾಡಿಸಬಹುದು' ಎನ್ನುವವರಿದ್ದಾರೆ. ಅರ್ಧ ಸತ್ಯ. ಒಳ್ಳೆಯ ಕ್ರೋಮೋಲಿ ಉಕ್ಕಿನ ಕೊಳವೆಯ ನಡುಭಾಗದ ಗೋಡೆ ಒಂದು ಮಿಲಿಮೀಟರಿಗಿಂತ ತೆಳು. ಗೇಟು, ಗ್ರಿಲ್ಲು ಬೆಸೆಯುವ ಆರ್ಕ್ ವೆಲ್ಡಿಂಗ್ ಅದಕ್ಕೆ ತಗುಲಿದರೆ ಬಿರುಕು ಮುಚ್ಚುವ ಬದಲು ತೂತು ಬೀಳುತ್ತದೆ. ತೆಳು ಕೊಳವೆ ಗೊತ್ತಿರುವ, ಹಿತ್ತಾಳೆ ಬೆಸುಗೆ ಬಲ್ಲ ಕೈಯೇ ಬೇಕು. ಅಲ್ಯೂಮಿನಿಯಮ್ಮಿನ ಪಾಡು ಇನ್ನೂ ಕಷ್ಟ: ಬೆಸುಗೆಯ ಬಿಸಿಗೆ ಅಕ್ಕಪಕ್ಕದ ಲೋಹ ಹದ ಕಳೆದುಕೊಳ್ಳುತ್ತದೆ, ಮತ್ತೆ ಹದಕ್ಕೆ ತರಲು ಇಡೀ ಫ್ರೇಮನ್ನು ಕುಲುಮೆಗೆ ಹಾಕಬೇಕು.

ಟೈಟಾನಿಯಂ ಮಾತು ಬೇಡ, ಆ ದುಡ್ಡಿಗೆ ಸ್ಕೂಟರ್ ಬರುತ್ತದೆ. ಕಾರ್ಬನ್ ಅದ್ಭುತ ವಸ್ತುವೇ, ಆದರೆ ದಿನವೂ ಪಾರ್ಕಿಂಗಿನ ಕಬ್ಬಿಣದ ಕಂಬಿಗೆ ಒರಗಿಸಿ ಸರಪಳಿ ಬಿಗಿಯುವ ಸೈಕಲ್ಲಿಗೆ ಅದನ್ನು ನಾನು ಹೇಳಲಾರೆ.

ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಹ್ಯಾಂಡಲ್ ಕೊಳವೆಯ ಕೋನದ್ದು. ಅದಕ್ಕೆ ಮೌಂಟನ್ ಬೈಕು ಹುಟ್ಟಿದ ಊರಿಗೆ ಹೋಗಬೇಕು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದ ಒಂದಿಷ್ಟು ಹುಡುಗರು, ಎರಡನೇ ಮಹಾಯುದ್ಧಕ್ಕೂ ಹಿಂದಿನ ದಪ್ಪ ಟೈರಿನ ಶ್ವಿನ್ ಸೈಕಲ್ಲುಗಳನ್ನು ಗುಜರಿಯಂಗಡಿಗಳಿಂದ ತಂದು ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅದನ್ನೇ ಪಂದ್ಯ ಮಾಡಿದರು. ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕಾಗಿದ್ದರಿಂದ ಆ ದಾರಿಗೆ 'ರಿಪ್ಯಾಕ್' ಎಂದೇ ಹೆಸರಾಯಿತು. ಅವರಲ್ಲೊಬ್ಬನಾದ ಜೋ ಬ್ರೀಜ್ 1977ರಲ್ಲಿ ಕ್ರೋಮೋಲಿ ಕೊಳವೆಗಳಿಂದ ಹೊಸದೇ ಫ್ರೇಮು ಕಟ್ಟಿದ. ಹಾಗೆ ಕಟ್ಟಿದ ಮೊದಲ ಸೈಕಲ್ಲು ಈಗ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ.

ಆ ಹಳೆಯ ಸೈಕಲ್ಲುಗಳ ಹೆಡ್‌ಟ್ಯೂಬು, ಎಂದರೆ ಹ್ಯಾಂಡಲ್ ಕೂರುವ ಗಿಡ್ಡ ಕೊಳವೆ, ಹಿಂದಕ್ಕೆ ವಾಲಿಕೊಂಡಿತ್ತು. ನಮ್ಮ ಹಾಲಿನವರ, ಪೋಸ್ಟ್‌ಮ್ಯಾನರ ಕಪ್ಪು ಸೈಕಲ್ಲನ್ನು ಪಕ್ಕದಿಂದ ನೋಡಿ: ಅದೂ ಹಾಗೆಯೇ, ನೆಲದಿಂದ 70 ಡಿಗ್ರಿಗಿಂತ ಕಡಿಮೆ. ಕೆಟ್ಟ ರಸ್ತೆಗೆ ಅದು ಹೇಳಿಮಾಡಿಸಿದ್ದು. ಕಾರಣ ಇಷ್ಟೆ. ಹೆಡ್‌ಟ್ಯೂಬಿನ ಗೆರೆಯನ್ನು ನೆಲದವರೆಗೆ ಎಳೆಯಿರಿ, ಚಕ್ರ ನೆಲ ಮುಟ್ಟುವ ಜಾಗ ಅದಕ್ಕಿಂತ ಹಿಂದಿರುತ್ತದೆ. ಈ ಅಂತರ ಹೆಚ್ಚಿದಷ್ಟೂ ಚಕ್ರ ಆಫೀಸ್ ಕುರ್ಚಿಯ ಗಾಲಿಯಂತೆ ತಾನಾಗಿ ನೆಟ್ಟಗಾಗುತ್ತದೆ. 29 ಇಂಚಿನ ಚಕ್ರಕ್ಕೆ, ಫೋರ್ಕಿನ ಮುಂಚಾಚು 44 ಮಿಲಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. 71 ಡಿಗ್ರಿಯಲ್ಲಿ ಅಂತರ ಸುಮಾರು 81 ಮಿಲಿಮೀಟರ್, 66 ಡಿಗ್ರಿಯಲ್ಲಿ 117. (ಸೈಕಲ್ಲು ಬೀಳದಿರುವುದಕ್ಕೆ ಇದೊಂದೇ ಕಾರಣ ಎನ್ನಬೇಡಿ. ಈ ಅಂತರವೂ ಇಲ್ಲದ, ಚಕ್ರದ ಬುಗುರಿ ಗುಣವೂ ಇಲ್ಲದ ಸೈಕಲ್ಲೊಂದು ತಾನೇ ನೆಟ್ಟಗೆ ಓಡಬಲ್ಲದೆಂದು 2011ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನವೊಂದು ತೋರಿಸಿತು.)

1990ರ ದಶಕದ ಮೌಂಟನ್ ಬೈಕುಗಳು 71 ಡಿಗ್ರಿಯವು. ಇಂದಿನ ಟ್ರೇಲ್ (ಕಾಲುದಾರಿ) ಹಾರ್ಡ್‌ಟೇಲುಗಳು 64ರಿಂದ 66ಕ್ಕೆ ಇಳಿದಿವೆ. ಇಳಿಜಾರಿಗೆ ಒಳ್ಳೆಯದು, ಆದರೆ ಸಿಲ್ಕ್ ಬೋರ್ಡಿನ ಸಂದಣಿಯಲ್ಲಿ ಬಸ್ಸಿಗೂ ಆಟೋಗೂ ನಡುವೆ ನಿಧಾನಕ್ಕೆ ನುಸುಳುವಾಗ ಮುಂಚಕ್ರ ಅತ್ತಿತ್ತ ವಾಲುತ್ತದೆ. ಹಾರ್ಡ್‌ಟೇಲಿನದೇ ಇನ್ನೊಂದು ಚಮತ್ಕಾರವಿದೆ. ಫೋರ್ಕು ಅದುಮಿಕೊಂಡಾಗ ಮುಂಭಾಗ ಮಾತ್ರ ತಗ್ಗುವುದರಿಂದ ಹೆಡ್‌ಟ್ಯೂಬು ನೆಟ್ಟಗಾಗುತ್ತದೆ. 120 ಮಿಲಿಮೀಟರಿನಷ್ಟು ಅದುಮಿಕೊಳ್ಳಬಲ್ಲ ಫೋರ್ಕು ಸವಾರನ ಭಾರಕ್ಕೇ ಐದನೇ ಒಂದು ಪಾಲು ಕುಸಿದರೆ ಕೋನ ಒಂದು ಡಿಗ್ರಿ ಏರುತ್ತದೆ, ಪೂರ್ತಿ ಕುಸಿದರೆ ಐದು ಡಿಗ್ರಿ. ಕಾಗದದ ಮೇಲಿನ 65 ಕಡಿದಾದ ಇಳುಕಲಿನ ಗುಂಡಿಯಲ್ಲಿ 70 ಆಗಿಬಿಡುತ್ತದೆ, ಬೇಕಾದ ಹೊತ್ತಿನಲ್ಲೇ! ಅದಕ್ಕೇ ಹಾರ್ಡ್‌ಟೇಲಿಗೆ 150ರ ಉದ್ದನೆಯ ಫೋರ್ಕು ತಗುಲಿಸುವುದರಲ್ಲಿ ಅರ್ಥವಿಲ್ಲ. 100ರಿಂದ 120, ಕೋನ 66 ಅಥವಾ 67. ನನ್ನ ಓಟು ಇದಕ್ಕೆ.

ಕೊನೆಗೆ, ಯಾರೂ ಮಾತಾಡದ ತೂತುಗಳ ಕಥೆ. ಆಫೀಸಿಗೆ ಹೋಗುವ ಸೈಕಲ್ಲಿಗೆ ಕ್ಯಾರಿಯರ್ ಬೇಕು, ಮಡ್‌ಗಾರ್ಡ್ ಬೇಕು. ಅವನ್ನು ಬಿಗಿಯಲು ಹಿಂದಿನ ಅಚ್ಚಿನ ಬಳಿ ತಿರುಪಿನ ತೂತುಗಳಿರಬೇಕು. ಎಷ್ಟೋ 'ಟ್ರೇಲ್' ಫ್ರೇಮುಗಳಲ್ಲಿ ಅವು ಇಲ್ಲವೇ ಇಲ್ಲ. ಪೆಡಲಿನ ನಡುವಿನ ಅಚ್ಚಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರ, ಎಂದರೆ ಚೈನ್‌ಸ್ಟೇ, ಗಿಡ್ಡವಿದ್ದಷ್ಟೂ ಕಾಡಿನಲ್ಲಿ ಸೈಕಲ್ಲು ಚುರುಕು. ನನ್ನದು 420 ಮಿಲಿಮೀಟರಿನದು. ಕ್ಯಾರಿಯರಿಗೆ ಪಕ್ಕದ ಚೀಲ ತೂಗುಹಾಕಿದ ಮೊದಲ ದಿನವೇ ಪ್ರತಿ ಸುತ್ತಿಗೂ ಹಿಮ್ಮಡಿ ಬಡಿದು, ಮನೆ ತಲುಪುವಷ್ಟರಲ್ಲಿ ಊಟದ ಡಬ್ಬಿ ನೆಗ್ಗಿತ್ತು. 435ರಿಂದ 440 ಇದ್ದಿದ್ದರೆ ಆ ಪಾಡಿರುತ್ತಿರಲಿಲ್ಲ. ಟೈರಿನ ಇಕ್ಕೆಲದಲ್ಲಿ ಕೆಮ್ಮಣ್ಣು ಮೆತ್ತಿಕೊಂಡರೂ ಚಕ್ರ ತಿರುಗುವಷ್ಟು ಜಾಗವಿರಲಿ. 2.4 ಇಂಚಿನ ಟೈರು ಹಿಡಿಸಿದರೆ ಸಾಕು. ಪೆಡಲಿನ ನಡುವಿನ ಬೇರಿಂಗು ಒತ್ತಿ ಕೂರಿಸುವಂಥದ್ದಲ್ಲದೆ ತಿರುಪಿ ಬಿಗಿಯುವಂಥದ್ದಿದ್ದರೆ, ಮಳೆಗಾಲದ ಕೆಸರಿನಲ್ಲಿ ಕಿರಿಕಿರಿ ಸದ್ದು ಕಡಿಮೆ, ಬಿಚ್ಚುವುದೂ ಸಲೀಸು.

ಇಷ್ಟೆಲ್ಲ ಕೇಳಿಸಿಕೊಂಡು ಹುಡುಗ, "ಸರಿ ಮಾವ, ಸ್ಟೀಲಾ ಅಲಾಯಾ?" ಎಂದ.

ಎರಡರಲ್ಲಿ ಯಾವುದಾದರೂ ಆದೀತು. ತೂಕದ ವ್ಯತ್ಯಾಸ ಹೆಚ್ಚೆಂದರೆ ಒಂದು ನೀರಿನ ಬಾಟಲಿಯಷ್ಟು. ಅಂಗಡಿಗೆ ಹೋಗುವಾಗ ಅಳತೆ ಟೇಪು ಒಯ್ಯಿರಿ, ಆಫೀಸಿಗೆ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ, ಕ್ಯಾರಿಯರ್ ಚೀಲವನ್ನು ಹಿಂಚಕ್ರದ ಪಕ್ಕ ಹಿಡಿಯಲು ಹೇಳಿ ಪೆಡಲನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ. ಹಿಮ್ಮಡಿ ತಗುಲಿದರೆ ದುಡ್ಡು ಕೊಡಬೇಡಿ.