ಕಿರ್ದಿಯಿಂದ ಸಾಮಾನ್ಯ ಕಣಜಕ್ಕೆ: ದಾವಣಗೆರೆ–ಹರಿಹರ ಪರಿಸರದ ವ್ಯಾಪಾರ ದಾಖಲೆಗಳ ಸ್ಥಳಾಂತರ

ವ್ಯಾಪಾರ ಸಂಸ್ಥೆಗಳು ತಮ್ಮ ಅಂಗಡಿಗಳಲ್ಲಿ ಕಾಯ್ದುಕೊಂಡು ಬಂದ ಲೆಕ್ಕಪತ್ರಗಳನ್ನು ದೂರದ ಗಣಕಯಂತ್ರಗಳಲ್ಲಿರುವ ಸಾಮಾನ್ಯ ಭಂಡಾರವೊಂದಕ್ಕೆ ವರ್ಗಾಯಿಸುವುದನ್ನು ಕೇವಲ ತಾಂತ್ರಿಕ ಸಂಗತಿಯೆಂದು ಭಾವಿಸಲಾಗಿದೆ. ಇದರಲ್ಲಿ ಜಾನಪದ ಸಂಶೋಧಕನಿಗೆ ಏನು ಕೆಲಸವೆಂದು ಕೇಳುವವರೂ ಉಂಟು. ಆದರೆ ಲೆಕ್ಕದ ಪುಸ್ತಕವು ಬರೆಹದಲ್ಲಿ ಅರ್ಧ, ಅದನ್ನು ಬರೆದ ಗುಮಾಸ್ತನ ಬಾಯಲ್ಲಿ ಅರ್ಧ ಇರುತ್ತದೆ. ಸ್ಥಳಾಂತರದ ವೇಳೆ ಮೊದಲನೆಯ ಅರ್ಧ ಮಾತ್ರ ಸಾಗುತ್ತದೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಡೇಟಾ ವೇರ್‌ಹೌಸ್ ಎಂಬುದನ್ನು ದತ್ತಾಂಶ ಕಣಜ ಎನ್ನಬಹುದು. ದಿನನಿತ್ಯದ ವಹಿವಾಟನ್ನು ನಡೆಸುವ ವ್ಯವಸ್ಥೆ ಬೇರೆ. ಹಲವು ಕಡೆಯ, ಹಲವು ವರ್ಷಗಳ ವಹಿವಾಟನ್ನು ಒಂದೇ ಮಾದರಿಗೆ ತಂದು, ಪ್ರಶ್ನೆ ಕೇಳಲು ಅನುವಾಗುವಂತೆ ಕೂಡಿಡುವ ಕಣಜ ಬೇರೆ. ಕ್ಲೌಡ್ ಎಂದರೆ ಆ ಕಣಜವು ಸಂಸ್ಥೆಯ ಸ್ವಂತ ಕಟ್ಟಡದಲ್ಲಿರದೆ, ಅನೇಕರು ಬಾಡಿಗೆ ತೆತ್ತು ಬಳಸುವ ಬೇರೆಡೆಯ ಯಂತ್ರಗಳಲ್ಲಿರುವುದು. ಮೋಡವೆಂಬ ಹೆಸರು ದಾರಿ ತಪ್ಪಿಸುವಂಥದು. ನಮ್ಮ ಎರೆಭೂಮಿಯ ಹಗೇವು ಇದಕ್ಕೆ ಹೆಚ್ಚು ಹತ್ತಿರದ ಹೋಲಿಕೆ.

ಮಂಡಿಯ ಪರಿಭಾಷೆಯಲ್ಲಿ ಇದಕ್ಕೆ ಪೂರ್ವರೂಪವೂ ಇದೆ. ಕಿರ್ದಿಯಲ್ಲಿ ಆ ದಿನದ ಘಟನೆಗಳು ನಡೆದ ಕ್ರಮದಲ್ಲಿಯೇ ದಾಖಲಾಗುತ್ತವೆ. ಅಲ್ಲಿಂದ ಪ್ರತಿಯೊಬ್ಬನ ಬಾಬತ್ತನ್ನು ಎತ್ತಿ ಅವನವನ ಖಾತೆಗೆ ಬರೆಯುವುದು ಖತಾವಣಿ. ಎತ್ತುವುದು, ಒಂದು ಮಾದರಿಗೆ ತರುವುದು, ತುಂಬುವುದು ಎಂಬ ಮೂರು ಹಂತಗಳನ್ನು ಇಂದಿನ ತಂತ್ರಜ್ಞರು ಯಾವುದಕ್ಕೆ ಹೇಳುತ್ತಾರೋ ಅದನ್ನು ಗುಮಾಸ್ತನು ಸಂಜೆಯ ದೀಪದ ಬೆಳಕಿನಲ್ಲಿ ಮಾಡುತ್ತಿದ್ದ. ಆದರೆ ಖತಾವಣಿ ಯಾಂತ್ರಿಕವಾದುದಲ್ಲ. ಕಿರ್ದಿಯಲ್ಲಿ ಒಮ್ಮೆ ಊರಿನ ಹೆಸರಿನಿಂದ, ಮತ್ತೊಮ್ಮೆ ಅಡ್ಡಹೆಸರಿನಿಂದ, ಇನ್ನೊಮ್ಮೆ ಅಳಿಯನ ಮೂಲಕ ನಮೂದಾದವನು ಒಬ್ಬನೇ ರೈತನೆಂಬುದು ಅವನಿಗೆ ತಿಳಿದಿರುತ್ತಿತ್ತು. ‘ಚೀಲ’ ಎಂದು ಬರೆದಲ್ಲಿ ಯಾವ ಧಾನ್ಯಕ್ಕೆ ಎಷ್ಟು ತೂಕವೆಂಬುದೂ ತಿಳಿದಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಬಳಿಕ ಸೇರು, ಪಲ್ಲಗಳು ಕಾಯಿದೆಯಿಂದ ಹೊರಗಾದರೂ ಮಾತಿನಿಂದ ಹೊರಗಾಗಲಿಲ್ಲ. ಪುಸ್ತಕಗಳ ಅಂಚಿನಲ್ಲಿಯೂ ಉಳಿದವು.

ಕ್ಷೇತ್ರಕಾರ್ಯದ ವೇಳೆ ದಾವಣಗೆರೆಯ ಒಂದು ದಲಾಲಿ ಮಂಡಿಗೆ ನಾನು ತಡವಾಗಿ ಹೋದೆ. ಲೆಕ್ಕವೆಲ್ಲ ಗಣಕಯಂತ್ರಕ್ಕೆ ಏರಿತ್ತು, ಹಳೆಯ ಕಟ್ಟುಗಳು ರದ್ದಿಗೆ ಹೋಗಿದ್ದವು. ದೀಪಾವಳಿಯಂದು ಹೊಸ ಖಾತೆ ಪುಸ್ತಕಕ್ಕೆ ನಡೆಯುತ್ತಿದ್ದ ಪೂಜೆ ಮಾತ್ರ ಯಂತ್ರಕ್ಕೆ ವರ್ಗವಾಗಿ, ಅದರ ಮೇಲಿನ ಕುಂಕುಮ ಇನ್ನೂ ಅಳಿಸಿರಲಿಲ್ಲ. ಯಂತ್ರದಲ್ಲಿ ‘ಷರಾ’ ಎಂಬ ಅಂಕಣವಿತ್ತು; ಅದು ಉದ್ದಕ್ಕೂ ಖಾಲಿಯಾಗಿತ್ತು.

ಈ ಹಿನ್ನೆಲೆಯಲ್ಲಿ ಕೃಷಿ ಮಾರುಕಟ್ಟೆಗಳ ವಿದ್ಯುನ್ಮಾನ ಜೋಡಣೆಯನ್ನು ಗಮನಿಸಬೇಕು. ಕರ್ನಾಟಕ ಸರ್ಕಾರವು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಅದನ್ನು ನಡೆಸಲು ಖಾಸಗಿ ಸಹಭಾಗಿತ್ವದಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಸಂಸ್ಥೆ ರಚಿತವಾಯಿತು. ಕೇಂದ್ರ ಸರ್ಕಾರದ ಇ-ನಾಮ್ ಬಂದದ್ದು ಎರಡು ವರ್ಷಗಳ ನಂತರ, 2016ರಲ್ಲಿ. ಮೆಕ್ಕೆಜೋಳದ ದೊಡ್ಡ ಪೇಟೆಯಾದ ದಾವಣಗೆರೆಯೂ ರಾಜ್ಯದ ವೇದಿಕೆಗೆ ಸೇರಿತು. ಪ್ರಾಂಗಣಕ್ಕೆ ಬಂದ ಮಾಲಿಗೆ ಲಾಟ್ ಸಂಖ್ಯೆ, ರೈತನ ಹೆಸರು, ದಲಾಲಿ ಅಂಗಡಿ, ವರ್ತಕರು ಕೂಗಿದ ಬೆಲೆಯ ಬದಲಿಗೆ ಯಂತ್ರದಲ್ಲಿ ನಮೂದಿಸಿದ ಬೆಲೆ, ತೂಕ, ಪಾವತಿ ಇವೆಲ್ಲ ಒಂದೇ ಕಡೆ ಸೇರತೊಡಗಿದವು. ಹಿಂದೆ ನೂರಾರು ಕಿರ್ದಿಗಳಲ್ಲಿ ಚದುರಿದ್ದ ಮಾಹಿತಿ ಹೀಗೆ ಒಂದಾದುದು ಸಣ್ಣ ಲಾಭವಲ್ಲ. ಬೆಲೆಯನ್ನು ಮರೆಮಾಚುವುದು ಕಷ್ಟವಾಯಿತು.

ಆದರೆ ಹಳೆಯ ಖಾತೆಯಲ್ಲಿ ಮತ್ತೊಂದು ಸಂಗತಿ ಇರುತ್ತಿತ್ತು. ಬಿತ್ತನೆಗೆ, ಮಗಳ ಮದುವೆಗೆ, ಜಾತ್ರೆಗೆ ಎಂದು ರೈತನು ಅಂಗಡಿಯಿಂದ ಪಡೆದ ಮುಂಗಡ ಮಾಲಿನ ಬಾಬತ್ತಿನ ಎದುರು ಪುಟದಲ್ಲಿಯೇ ದಾಖಲಾಗುತ್ತಿತ್ತು. ಆ ಋಣವೇ ಅವನನ್ನು ಅದೇ ಅಂಗಡಿಗೆ ಕಟ್ಟಿಹಾಕಿತ್ತು. ಲಾಟ್ ದಾಖಲೆಯಲ್ಲಿ ಅಂಗಡಿಯ ಹೆಸರುಂಟು, ಋಣಕ್ಕೆ ಅಂಕಣವಿಲ್ಲ. ಐವತ್ತು ವರ್ಷಗಳ ನಂತರ ಈ ಕಣಜವನ್ನು ತೆರೆಯುವ ಸಂಶೋಧಕನು ರೈತನು ಸ್ವಇಚ್ಛೆಯಿಂದಲೇ ವರ್ಷವರ್ಷವೂ ಒಂದೇ ಅಂಗಡಿಯನ್ನು ಆರಿಸಿಕೊಂಡನೆಂದು ತೀರ್ಮಾನಿಸಿದರೆ, ಅಂಕಿಗಳೆಲ್ಲ ಸರಿಯಿದ್ದೂ ತೀರ್ಮಾನ ತಪ್ಪಾಗುತ್ತದೆ.

ಸ್ಥಳಾಂತರದಲ್ಲಿ ಗುರುತನ್ನು ಉಳಿಸಿಕೊಳ್ಳುವ ಬಗೆಗೆ ಹರಿಹರದಲ್ಲಿಯೇ ಒಂದು ಪಾಠವಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಆವರಣವು ದಾನ, ದತ್ತಿ, ತೆರಿಗೆಗಳ ಶಿಲಾದಾಖಲೆಗಳಿಂದ ತುಂಬಿದೆ. ಬಿ.ಎಲ್. ರೈಸ್ ಅವುಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟಕ್ಕೆ ತಂದಾಗ ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳಡಿ ಇರಿಸಿದರು. ಬಳಿಕ ಹರಿಹರವೇ ತಾಲ್ಲೂಕಾಯಿತು. 1997ರಲ್ಲಿ ಇಡೀ ಪ್ರದೇಶ ಚಿತ್ರದುರ್ಗದಿಂದ ಬೇರ್ಪಟ್ಟಿತು. ವಿದ್ವಾಂಸರು ಇಂದಿಗೂ ಹಳೆಯ ಸಂಖ್ಯೆಯಿಂದಲೇ ಆ ಶಾಸನಗಳನ್ನು ತಲುಪುತ್ತಾರೆ. ಪಠ್ಯದ ಜೊತೆಗೆ ಕಲ್ಲು ಎಲ್ಲಿ ನಿಂತಿದೆ ಎಂಬುದನ್ನೂ ರೈಸ್ ದಾಖಲಿಸಿದ್ದರಿಂದ ಇದು ಸಾಧ್ಯವಾಗಿದೆ.

ಇದಕ್ಕೆ ವ್ಯತಿರಿಕ್ತವಾದ ಅಪಾಯ ಜಿಲ್ಲಾವಾರು ಅಂಕಿಗಳಲ್ಲಿ ಎದುರಾಗುತ್ತದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿದ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಮರಳಿ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಯಾವ ವರ್ಷದ ಜಿಲ್ಲೆ ಎಂಬುದನ್ನು ಬರೆದಿಡದ ಕಣಜದಲ್ಲಿ ದಾವಣಗೆರೆಯ ಫಸಲು ಒಮ್ಮೆಲೇ ಕುಸಿದಂತೆ ತೋರುವುದು. ಹೊಲದಲ್ಲಿ ಏನೂ ಆಗಿರುವುದಿಲ್ಲ.

ಆದುದರಿಂದ ಖಾತೆ ಪುಸ್ತಕವನ್ನು ಛಾಯಾಚಿತ್ರಿಸಿ ಅಂಕಿಗಳನ್ನು ತುಂಬಿದರೆ ಸಾಲದು. ಪುಟವನ್ನು ಗುಮಾಸ್ತನ ಎದುರಿಗಿಟ್ಟು ಅವನ ಓದನ್ನು ಧ್ವನಿಮುದ್ರಿಸಿ, ಆ ಓದನ್ನು ಪುಟದ ಸಂಖ್ಯೆಗೇ ಜೋಡಿಸಿಡಬೇಕು. ವೈಯಕ್ತಿಕ ಋಣದ ವಿವರಗಳು ಎಲ್ಲರ ಕಣ್ಣಿಗೆ ಬೀಳಬಾರದಾದ ಕಾರಣ ಯಾರು, ಎಂದು ತೆರೆಯಬಹುದೆಂಬ ನಿಯಮವನ್ನು ಅಂಗಡಿಯ ಮನೆತನದೊಡನೆ ಮೊದಲೇ ಗೊತ್ತುಪಡಿಸಿಕೊಳ್ಳಬೇಕಾಗುತ್ತದೆ. ಗ್ರಂಥಾಲಯಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳುವುದಾದರೆ ಪುಸ್ತಕಗಳಿಗಿಂತ ಮೊದಲು ಗುಮಾಸ್ತರ ಪಟ್ಟಿಯನ್ನು ಮಾಡುವುದು ಉಚಿತ. ನಾನು ಕಂಡ ಕೈಬರೆಹದ ಖತಾವಣಿ ಬಲ್ಲವರಲ್ಲಿ ಎಪ್ಪತ್ತಕ್ಕಿಂತ ಕಡಿಮೆ ವಯಸ್ಸಿನವರು ಯಾರೂ ಇರಲಿಲ್ಲ.