ಹಿಮ್ಮಡಿಯ ಹನಿ ರಕ್ತದಲ್ಲಿ ಮಗುವಿನ ಭವಿಷ್ಯ

ಬೆಂಗಳೂರು: ಹೆರಿಗೆ ಸುಸೂತ್ರ. ಮಗುವಿನ ತೂಕವೂ ಸರಿ, ಅಳುವೂ ಜೋರು. ಆದರೆ ನಾಲ್ಕನೇ ದಿನದಿಂದ ಮಗು ಹಾಲು ಕುಡಿಯಲು ಒಲ್ಲದು. ಸದಾ ಮಂಪರು, ಬಳಿಕ ಫಿಟ್ಸ್. ಮನೆಯ ಹಿರಿಯರು ಬಾಲಗ್ರಹ ಎನ್ನುತ್ತಾರೆ. ರಕ್ತಕ್ಕೆ ಸೋಂಕು ತಗುಲಿರಬೇಕೆಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭವಾಗುತ್ತದೆ. ಇವೆರಡೂ ಅಲ್ಲದ ಮೂರನೆಯ ಸಾಧ್ಯತೆಯೂ ಉಂಟು. ಅದು ಹುಟ್ಟಿನಿಂದಲೇ ಬಂದ ಚಯಾಪಚಯ ದೋಷ.

ಸೇವಿಸಿದ ಆಹಾರವನ್ನು ಒಡೆದು ದೇಹಕ್ಕೆ ಒಗ್ಗಿಸುವ ಕೆಲಸ ಕಿಣ್ವಗಳದ್ದು. ವಂಶವಾಹಿಯ ದೋಷದಿಂದ ಒಂದು ಕಿಣ್ವ ಇಲ್ಲವಾದರೂ ಒಡೆಯದ ಅಂಶ ರಕ್ತದಲ್ಲಿ ಶೇಖರಗೊಂಡು ವಿಷವಾಗುತ್ತದೆ. ಗರ್ಭದಲ್ಲಿರುವಷ್ಟು ಕಾಲ ಆ ವಿಷವನ್ನು ತಾಯಿಯ ದೇಹ ಹೊರಹಾಕುತ್ತಿರುತ್ತದೆ. ಹೀಗಾಗಿಯೇ ಇಂತಹ ಅನೇಕ ಶಿಶುಗಳು ಹುಟ್ಟುವಾಗ ಆರೋಗ್ಯವಾಗಿಯೇ ಕಾಣುತ್ತವೆ. ‘ಮೇಪಲ್ ಸಿರಪ್’ ಕಾಯಿಲೆಯಲ್ಲಿ ಮಗುವಿನ ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ. ಕೆಲವೊಮ್ಮೆ ಅದನ್ನು ಮೊದಲು ಗುರುತಿಸುವವಳು ಬಟ್ಟೆ ಬದಲಿಸುವ ಅಜ್ಜಿ.

ಬಯೋಟಿನಿಡೇಸ್ ಕೊರತೆಯ ಕತೆ ಇನ್ನೂ ಮರುಕ ಹುಟ್ಟಿಸುವಂಥದ್ದು. ಫಿಟ್ಸ್, ಚರ್ಮದಲ್ಲಿ ಗುಳ್ಳೆ, ಕೂದಲುದುರುವುದು ಇದರ ಲಕ್ಷಣಗಳು. ಚಿಕಿತ್ಸೆಯೆಂದರೆ ನಿತ್ಯ ಬಯೋಟಿನ್ ಎಂಬ ಜೀವಸತ್ವದ ಮಾತ್ರೆ, ಅಷ್ಟೇ. ಆರಂಭದಲ್ಲೇ ಕೊಟ್ಟರೆ ಮಗು ಎಲ್ಲರಂತೆ ಬೆಳೆಯುತ್ತದೆ. ತಡವಾದರೆ ಫಿಟ್ಸ್ ನಿಲ್ಲಬಹುದು, ಆದರೆ ಹೋದ ಶ್ರವಣಶಕ್ತಿ ಸಾಮಾನ್ಯವಾಗಿ ಮರಳದು.

ಈ ಅರಿವು ಕರ್ನಾಟಕಕ್ಕೆ ಹೊಸತಲ್ಲ. 1980ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳು ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತದಲ್ಲಿ ಅಮೈನೊ ಆಮ್ಲಗಳ ದೋಷವನ್ನು ಹುಡುಕಿದ್ದರು. ಬೆಂಗಳೂರು, ಮೈಸೂರುಗಳಲ್ಲಿ ಅದೇ ತಂಡ ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದರಷ್ಟು ಮದುವೆಗಳು ರಕ್ತಸಂಬಂಧದಲ್ಲೇ ನಡೆದಿದ್ದವು. ಅವುಗಳಲ್ಲಿ ಸೋದರಮಾವನನ್ನು ವರಿಸಿದವರೂ ಬಹಳ. ತಂದೆ, ತಾಯಿ ಇಬ್ಬರಲ್ಲೂ ಒಂದೇ ದೋಷ ಅಡಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಸೋದರಮಾವ ಮತ್ತು ಸೊಸೆಯ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೇ ಒಂದಂಶ ಸಮಾನವಾಗಿರುವುದರಿಂದ ಇಂತಹ ಜೋಡಿ ಕೂಡಿಬರುವ ಸಂಭವ ಹೆಚ್ಚು. ಸಂಬಂಧದಲ್ಲಿ ಮದುವೆಯಾಗದವರಿಗೂ ಇದು ಬರುವುದುಂಟು. ತಾಯಿಯನ್ನು ದೂರುವುದಕ್ಕಂತೂ ಕಾರಣವೇ ಇಲ್ಲ.

ಇಂದು ಇಂತಹ ಮಕ್ಕಳ ಹಾದಿ ಬಹುಪಾಲು ದಕ್ಷಿಣ ಬೆಂಗಳೂರಿಗೇ ಬಂದು ಸೇರುತ್ತದೆ. ಜಯನಗರದ ಸಮೀಪದಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ಅದರ ನೆರೆಯಲ್ಲೇ ಇರುವ ನಿಮ್ಹಾನ್ಸ್‌ನ ನರರಸಾಯನಶಾಸ್ತ್ರ ವಿಭಾಗ ಚಯಾಪಚಯ ದೋಷಗಳ ಪತ್ತೆಗೆ ಹೆಸರಾಗಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯು ಎಲೆಕ್ಟ್ರಾನಿಕ್ ಸಿಟಿಯ ಮಾನವ ತಳಿವಿಜ್ಞಾನ ಕೇಂದ್ರವನ್ನು ಮಕ್ಕಳ ಆರೋಗ್ಯ ಸಂಸ್ಥೆಯೊಂದಿಗೆ ಸೇರಿಸಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಿತು. ಇಂತಹ ಕೇಂದ್ರಗಳಲ್ಲಿ ಪ್ರತಿ ರೋಗಿಗೆ ದೊರೆಯುವ ನೆರವಿನ ಮಿತಿ 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿತು. 2023ರ ಏಪ್ರಿಲ್‌ನಿಂದ, ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗಾಗಿ ರೋಗಿಗಳು ಸ್ವಂತ ಬಳಕೆಗೆ ತರಿಸುವ ಔಷಧ ಮತ್ತು ವಿಶೇಷ ಆಹಾರಕ್ಕೆ ಮೂಲ ಸೀಮಾಸುಂಕ ಇಲ್ಲ.

ಆದರೂ 50 ಲಕ್ಷ ಎಲ್ಲರಿಗೂ ಸಾಲದು. ಗೌಶರ್ ಕಾಯಿಲೆಗೆ ಜೀವನಪರ್ಯಂತ ಕಿಣ್ವದ ಚುಚ್ಚುಮದ್ದು ಬೇಕು. ಅದರ ಪ್ರಮಾಣ ದೇಹದ ತೂಕಕ್ಕೆ ತಕ್ಕಂತೆ. ಮಗು ಬೆಳೆದಂತೆ ವೆಚ್ಚವೂ ಬೆಳೆಯುತ್ತದೆ.

ಕೋಟಿಗಟ್ಟಲೆ ಬೆಲೆಯ ಔಷಧಗಳು ಸುದ್ದಿಯಾಗುತ್ತವೆ. ಅಗ್ಗದ ಮಾತ್ರೆಯಿಂದ ಉಳಿಯಬಹುದಾಗಿದ್ದ ಮಗು ಸುದ್ದಿಯಾಗುವುದಿಲ್ಲ. ಹುಟ್ಟಿದ ಎರಡು ಮೂರು ದಿನದಲ್ಲಿ ಹಿಮ್ಮಡಿಗೆ ಸೂಜಿ ಚುಚ್ಚಿ, ಕೆಲವು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ಒಣಗಿಸಿ ಪರೀಕ್ಷಿಸಿದರೆ ಹತ್ತಾರು ದೋಷಗಳ ಸುಳಿವು ಸಿಗುತ್ತದೆ. ಅಮೆರಿಕದಲ್ಲಿ ಇದು 1960ರ ದಶಕದಲ್ಲೇ ಆರಂಭವಾಯಿತು. ಗೋವಾ 2008ರಲ್ಲಿ ಕೈಗೆತ್ತಿಕೊಂಡಿತ್ತು. ದೇಶದ ಎಲ್ಲ ಶಿಶುಗಳಿಗೂ ಇದು ಇನ್ನೂ ಕಡ್ಡಾಯವಾಗಿಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿ ಪೋಷಕರೇ ಕೇಳಿ ಮಾಡಿಸಬೇಕಾದ ಸ್ಥಿತಿ ಅನೇಕ ಕಡೆ ಇದೆ.

ಮಗು ಉಳಿಯುವುದಿಲ್ಲ ಎಂಬಂತಹ ಸಂದರ್ಭದಲ್ಲೂ ಈ ರಕ್ತದ ಮಾದರಿಯನ್ನು ತೆಗೆದಿರಿಸುವುದು ಅಗತ್ಯ. ಕಾರಣ ತಿಳಿಯದೆ ಮೊದಲ ಮಗುವನ್ನು ಕಳೆದುಕೊಂಡ ದಂಪತಿಗೆ ಎರಡನೆಯ ಗರ್ಭದಲ್ಲಿ ಯಾವ ಪರೀಕ್ಷೆ ಮಾಡಬೇಕೆಂದು ವೈದ್ಯರೂ ಹೇಳಲಾರರು. ಕಾಯಿಲೆಯ ಹೆಸರು ಮತ್ತು ವಂಶವಾಹಿಯ ದೋಷ ಗೊತ್ತಿದ್ದರೆ 11ರಿಂದ 13ನೇ ವಾರದೊಳಗೆ ಮಾಸದ ತುಣುಕನ್ನು ಪರೀಕ್ಷಿಸಿ ತಿಳಿಯಬಹುದು.